ಎಣಿಸಿದ ನೋಟಗಳು

ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಒಬ್ಬರಿಗೊಬ್ಬರು ಕಾಣದಂತೆ, ಒಬ್ಬರ ದನಿ ಒಬ್ಬರಿಗೆ ಕೇಳದಂತೆ ಮಾಡಲು ಬಂದರೆ ಹೇಗೆ?

ಈ ಪ್ರಶ್ನೆ ಶಿವಲೀಲಾ ಬಳಿಗಾರಳ ಮನಸ್ಸಿಗೆ ಬಂದದ್ದು ಹೊಂಗಲದಿನ್ನಿಯ ಸರಕಾರಿ ಹೈಸ್ಕೂಲಿನ ಹಾಜರಿ ಪುಸ್ತಕದ ಮುಂದೆ ಕುಳಿತಾಗ. ಒಂಬತ್ತನೆಯ ತರಗತಿಯ ಪುಟದಲ್ಲಿ ಹನ್ನೊಂದು ಹುಡುಗಿಯರ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಷ್ಟೂ ಮಂದಿ ಒಂದೇ ಜೂನಿನಲ್ಲಿ ಶಾಲೆ ಬಿಟ್ಟಿದ್ದರು. ಮುಖ್ಯೋಪಾಧ್ಯಾಯರಾದ ನದಾಫ ಸರ್ ಕಾರಣ ಹೇಳಿದರು. ಮೈನೆರೆದ ಮಕ್ಕಳನ್ನು ಗಂಡುಹುಡುಗರ ನಡುವೆ ಕೂಡಿಸಲು ಊರವರು ಒಪ್ಪುತ್ತಿರಲಿಲ್ಲ. ಹೆಣ್ಣುಮಕ್ಕಳದೇ ಶಾಲೆ ಇಪ್ಪತ್ತೆರಡು ಕಿಲೋಮೀಟರು ದೂರ. ಒಂದೇ ಶಾಲೆಯಲ್ಲಿ ಎರಡು ಕೋಣೆ ಮಾಡಬಾರದೆಂದು ಆ ವೇಳೆಗೆ ಸರಕಾರದ ಆಜ್ಞೆಯೂ ಆಗಿತ್ತು. ನದಾಫ ಸರ್ ತಮ್ಮ ಮಟ್ಟಿಗೆ ನಡುವೆ ಒಂದು ಬಟ್ಟೆಯ ಪರದೆ ಕಟ್ಟಿಸಿ ನೋಡಿದ್ದರು. ನೇಕಾರರ ಊರು, ಬಟ್ಟೆಗೆ ಕೊರತೆ ಇರಲಿಲ್ಲ. ಮೂರನೆಯ ದಿನಕ್ಕೆ ಪರದೆಯಲ್ಲಿ ಏಳು ತೂತು ಬಿದ್ದವು. ಶನಿವಾರದ ಹೊತ್ತಿಗೆ ಫ್ಯಾನಿನ ಗಾಳಿ ಬರುವುದಿಲ್ಲವೆಂದು ಎರಡೂ ಕಡೆಯವರು ಸೇರಿ ಅದನ್ನು ಬಿಚ್ಚಿ ಹಾಕಿದರಂತೆ. ಆ ಒಂದು ಕೆಲಸದಲ್ಲಿ ಮಾತ್ರ ಗಂಡು ಹೆಣ್ಣೆನ್ನದೆ ಒಗ್ಗಟ್ಟು ಕಂಡೆ ಎಂದು ಅವರು ದಪ್ಪ ಮೀಸೆಯೊಳಗೇ ನಕ್ಕರು.

ಶಿವಲೀಲಾ ರಾಜ್ಯದ ಒಂದು ಸಂಶೋಧನಾಲಯದಲ್ಲಿ ಬೆಳಕಿನ ಮೇಲೆ ಕೆಲಸ ಮಾಡಿದವಳು. ಶಾಲೆ ಬಿಡುವ ಮಕ್ಕಳ ಪರಿಶೀಲನೆಗೆ ಸರಕಾರ ಅವಳನ್ನು ಕಳಿಸಿತ್ತು. ತಾಯಿಯೊಡನೆ ಊರಿಗೆ ಬಂದು, ಶಾಲೆಯ ಹಿಂದಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಳು. ಒಂದು ವರ್ಷದಲ್ಲಿ ಅವಳು ಕಟ್ಟಿದ ಯಂತ್ರಕ್ಕೆ ಮರೆ ಎಂದು ಹೆಸರಾಯಿತು.

ಮರೆ ಕೆಲಸ ಮಾಡುವ ಬಗೆ ಸರಳವಾಗಿತ್ತು. ಆ ಕೋಣೆಯಲ್ಲಿ ಎಡಕ್ಕೆ ಹುಡುಗಿಯರ ಬೆಂಚು, ಬಲಕ್ಕೆ ಹುಡುಗರ ಬೆಂಚು, ನಡುವೆ ನಡೆದಾಡುವ ದಾರಿ. ಆ ದಾರಿಯ ಮೇಲೆ, ಛಾವಣಿಯಿಂದ ನೆಲದವರೆಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಒಂದು ಪದರ ಗಾಳಿಯಲ್ಲೇ ತೇಲಿ ನಿಲ್ಲುತ್ತಿತ್ತು. ವಿದ್ಯುತ್ತು ಹರಿದೊಡನೆ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಎರಡೂ ಬದಿಗೆ ಕನ್ನಡಿಯಾಗುತ್ತಿದ್ದವು. ಹುಡುಗಿಯರಿಗೆ ಆಚೆ ಬದಿಯಲ್ಲೂ ಹುಡುಗಿಯರೇ ಕಾಣುತ್ತಿದ್ದರು, ಹುಡುಗರಿಗೆ ಹುಡುಗರೇ. ಒಂದು ಬದಿಯ ಸದ್ದಿಗೆ ಎದುರು ಸದ್ದನ್ನು ಹುಟ್ಟಿಸಿ ನಡುವೆಯೇ ಅಳಿಸುವ ಏರ್ಪಾಡೂ ಇತ್ತು. ಬೋರ್ಡಿನ ಬಳಿ ನಿಂತ ಮಾಸ್ತರರಿಗೆ ಮಾತ್ರ ಎರಡೂ ಬದಿ ಕಾಣುತ್ತಿತ್ತು, ಎರಡೂ ಬದಿಗೆ ಅವರು ಕೇಳುತ್ತಿದ್ದರು. ಗಾಳಿ ಹಾಯುತ್ತಿತ್ತು. ಕೈ ಚಾಚಿದರೆ ಕೈಯೂ ಹಾಯುತ್ತಿತ್ತು.

ಮರೆ ಹಾಕುವ ಮೊದಲು ಕೋಣೆ ಹೇಗಿದೆಯೆಂದು ಅಳೆಯಬೇಕಲ್ಲ. ಅದಕ್ಕಾಗಿ ಶಿವಲೀಲಾ ಛಾವಣಿಗೆ ನಾಲ್ಕು ಕ್ಯಾಮೆರಾ ಕೂಡಿಸಿ, ಬಿಸಿಯೂಟದ ಅಕ್ಕಿ ಇಡುತ್ತಿದ್ದ ಪಕ್ಕದ ಅಕ್ಕಿ ಕೋಣೆಯನ್ನು ತೆರವು ಮಾಡಿಸಿ, ಅಲ್ಲಿ ಕಂಪ್ಯೂಟರಿನ ಪರದೆಗಳ ಮುಂದೆ ಒಂದು ತಿಂಗಳು ಕುಳಿತಳು. ದಾರಿಯ ಈಚೆಯವರೊಬ್ಬರ ಮುಖವೂ ಆಚೆಯವರೊಬ್ಬರ ಮುಖವೂ ಒಂದಕ್ಕೊಂದು ಎದುರಾಗಿ ಅರ್ಧ ಸೆಕೆಂಡು ನಿಂತರೆ ಕ್ಯಾಮೆರಾಗಳಿಗೆ ಜೋಡಿಸಿದ ಎಣಿಕೆಯ ಯಂತ್ರ ಅದನ್ನು ಒಂದು ನೋಟವೆಂದು ಎಣಿಸುತ್ತಿತ್ತು. ಹೆಚ್ಚಿನ ಮಕ್ಕಳದು ತಾಸಿಗೆ ಐದೋ ಆರೋ ನೋಟ. ತುಂಟರದು ಹನ್ನೆರಡು. ಮೂರನೆಯ ಬೆಂಚಿನಲ್ಲಿ, ದಾರಿಯ ಈಚೆ ಆಚೆ ಕುಳಿತ ಒಂದು ಜೋಡಿಯದು ಮಾತ್ರ ತಾಸಿಗೆ ನೂರಾ ಅರವತ್ತು.

ಹುಡುಗಿಯ ಹೆಸರು ಸಾವಂತ್ರಿ. ನೇಕಾರ ಬಾಳಪ್ಪನ ಮಗಳು, ತರಗತಿಗೆ ಮೊದಲಿಗಳು. ಹುಡುಗ ಮಲಕಾಜಿ, ಅವಳ ಸೋದರತ್ತೆಯ ಮಗ. ಇಬ್ಬರದೂ ಒಂದೇ ಓಣಿ.

ಮರೆಗೆ ಒಪ್ಪಿಗೆ ಪಡೆಯಲು ಶಾಲಾ ಸಮಿತಿ ಸೇರಿದ ದಿನ ನೂರರ ಹತ್ತಿರ ಜನ ಬಂದಿದ್ದರು. ಕೆಲವರಿಗೆ ಭಯ, ಕೆಲವರಿಗೆ ನಗೆ. ಕಾಣದ ಗ್ವಾಡಿ ಅಂದ್ರ ಅದು ದೆವ್ವ ಕಟ್ಟಿದ ಗ್ವಾಡಿ ಏನ್ರಿ ಎಂದು ಒಬ್ಬ ಮುದುಕಿ ಕೇಳಿದಳು. ಗಂಡಸರು ಇದೆಲ್ಲ ಯಾಕೆ, ಇರುವುದು ಇದ್ದಂತೆ ಇರಲಿ, ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗದ ಕಂಡಿಕೆಗೆ ನೂಲು ಸುತ್ತಲಿ ಎಂದರು. ಮಾತು ಕೈ ತಪ್ಪುತ್ತಿದೆಯೆಂದು ಶಿವಲೀಲಾಗೆ ಅನಿಸಿತು. ಹನ್ನೊಂದು ಕೆಂಪು ಗೆರೆಗಳು ಕಣ್ಣ ಮುಂದೆ ಬಂದವು. ಅವಳು ನೋಟಗಳ ಎಣಿಕೆಯನ್ನು ಗೋಡೆಯ ಮೇಲೆ ಮೂಡಿಸಿದಳು.

ಹೆಸರು ಹಾಕಿರಲಿಲ್ಲ. ಬೆಂಚಿನ ಸಂಖ್ಯೆ ಮಾತ್ರ ಹಾಕಿದ್ದಳು. ಸಾಲಾಗಿ ನಿಂತ ಗಿಡ್ಡ ಗೆರೆಗಳ ನಡುವೆ ಒಂದೇ ಒಂದು ಗೆರೆ ಗೋಡೆಯ ತುದಿಯವರೆಗೆ ಎದ್ದಿತ್ತು.

ನೋಡಿ, ಪಾಠದ ಹೊತ್ತಿನಲ್ಲಿ ಮಕ್ಕಳ ಮನಸ್ಸು ಎಲ್ಲಿರುತ್ತದೆ ಎಂದು ಅವಳು ಹೇಳಿದಳು. ಮರೆ ಹಾಕಿದರೆ ಈ ಗೆರೆಗಳೆಲ್ಲ ನೆಲಕ್ಕೆ ಇಳಿಯುತ್ತವೆ ಎಂದಳು.

ಹಿಂದಿನಿಂದ ಯಾರೋ, "ಮೂರನೇ ಬೆಂಚಿನ್ಯಾಗ ಯಾರ ಕುಂದರ್ತಾರಪಾ?" ಎಂದು ಕೇಳಿದರು. ಮತ್ತಾರೋ ಕೆಮ್ಮಿದಂತೆ ನಕ್ಕರು. ಕೆಲವು ತಲೆಗಳು ಬಾಳಪ್ಪನ ಕಡೆ ತಿರುಗಿದವು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಅಷ್ಟನ್ನು ಶಿವಲೀಲಾ ಕಂಡಳು. ಕಂಡೂ, ಒಪ್ಪಿದವರು ಕೈ ಎತ್ತಿ ಎಂದಳು. ಎಲ್ಲರಿಗಿಂತ ಮೊದಲು ಎದ್ದದ್ದು ಬಾಳಪ್ಪನ ಕೈ.

ಮಾರನೆಯ ವಾರ ಮಲಕಾಜಿಯ ತಂದೆ ಅವನನ್ನು ಬಾರುಕೋಲಿನಿಂದ ಹೊಡೆದನೆಂದು ಸುದ್ದಿಯಾಯಿತು. ಅದು ಮನೆಯ ವಿಚಾರವೆಂದು ಶಿವಲೀಲಾ ತನಗೆ ತಾನೇ ಹೇಳಿಕೊಂಡಳು.

*

ಮರೆ ಬಂತು. ಹನ್ನೊಂದು ಹುಡುಗಿಯರೂ ತಿರುಗಿ ಬಂದರು.

ಅಕ್ಕಿ ಕೋಣೆಯಲ್ಲಿ ಕುಳಿತು ಪರದೆ ನೋಡುವಾಗ ಶಿವಲೀಲಾಗೆ ಕಣ್ಣು ತುಂಬುತ್ತಿತ್ತು. ಹಿಂದೆ ತಲೆ ತಗ್ಗಿಸಿ ಕುಳಿತಿರುತ್ತಿದ್ದ ಹುಡುಗಿಯರು ಈಗ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದರು. ತಪ್ಪು ಹೇಳಿ ತಾವೇ ನಗುತ್ತಿದ್ದರು. ಹುಡುಗರೂ ಮೆರೆಯುವುದು ಬಿಟ್ಟು ಬರೆಯತೊಡಗಿದ್ದರು. ನೋಟದ ಗೆರೆ ಸೊನ್ನೆಗೆ ಬಂದು ಮಲಗಿತ್ತು. ಮೊದಲ ಪರೀಕ್ಷೆಯಲ್ಲಿ ತರಗತಿಯ ಸರಾಸರಿ ಹದಿನಾಲ್ಕು ಅಂಕ ಏರಿತು. ಅಂದು ಅವಳು ಬೆಳಗಿನ ಲಿಂಗಪೂಜೆಯಲ್ಲಿ ಅಂಗೈ ಮೇಲಿನ ಇಷ್ಟಲಿಂಗವನ್ನು ದಿಟ್ಟಿಸುತ್ತ ಬಹಳ ಹೊತ್ತು ಕುಳಿತಿದ್ದಳು. ಇದು ನಿನ್ನ ಕೆಲಸವೇ ತಂದೆ, ನನ್ನ ಕೈಯಿಂದ ಮಾಡಿಸಿದೆ ಎಂದಳು.

ಒಬ್ಬಳ ಅಂಕ ಮಾತ್ರ ಇಳಿದಿತ್ತು. ಮೊದಲಿಗಳಾಗಿದ್ದ ಸಾವಂತ್ರಿ ಕಡೆಯವಳಾಗಿದ್ದಳು. ಶಿವಲೀಲಾ ಸರಕಾರಕ್ಕೆ ಕಳಿಸುವ ವರದಿಯಲ್ಲಿ ಅವಳ ಸಾಲಿನ ಎದುರು, ಮನಸ್ಸು ಇನ್ನೂ ನೆಲೆಗೆ ಬಂದಿಲ್ಲ, ಬರುತ್ತದೆ ಎಂದು ಬರೆದಳು. ಬರೆಯುವಾಗ ಅವಳಿಗೆ ಸಂದೇಹವಿರಲಿಲ್ಲ. ಒಂದು ಎಳೆಯ ಪ್ರೀತಿ ತುಂಡಾಗಿದೆ, ಗಾಯ ಮಾಯಬೇಕು, ಅಷ್ಟೇ ಎಂದುಕೊಂಡಿದ್ದಳು.

ಒಂದು ದಿನ ಹುಡುಗಿಯನ್ನು ಕರೆದು ಮೆತ್ತಗೆ ಬುದ್ಧಿ ಹೇಳಿದಳು. ಓದುವ ವಯಸ್ಸಿನಲ್ಲಿ ಕಣ್ಣು ಬೋರ್ಡಿನ ಮೇಲಿರಬೇಕು ಎಂದಳು. ಸಾವಂತ್ರಿ ಅವಳ ಮುಖದಿಂದ ದೃಷ್ಟಿ ಕದಲಿಸದೆ ಕೇಳಿದಳು, ಹೌದೆಂದು ತಲೆಯಾಡಿಸಿದಳು. ಎಷ್ಟು ವಿನಯ ಎಂದು ಶಿವಲೀಲಾಗೆ ಅನಿಸಿತು.

ದಸರೆಯ ರಜೆ ಮುಗಿದ ಮೇಲೆ ಸಾವಂತ್ರಿ ಶಾಲೆಗೆ ಬರಲಿಲ್ಲ. ಮಲಕಾಜಿಯನ್ನು ಮೊದಲ ಪರೀಕ್ಷೆಗೂ ಮುಂಚೆಯೇ ತಾಲೂಕಿನ ಗಂಡುಮಕ್ಕಳ ಹಾಸ್ಟೆಲಿಗೆ ಹಾಕಿದ್ದರು. ಸಾವಂತ್ರಿಯನ್ನು ದೊಡ್ಡಮ್ಮನ ಊರಿಗೆ ಕಳಿಸುತ್ತಾರಂತೆ, ಅಲ್ಲಿ ಮಗ್ಗದ ಕೆಲಸಕ್ಕೂ ಆಯಿತು, ಮುಂದೆ ಗಂಡು ಗೊತ್ತು ಮಾಡುವುದಕ್ಕೂ ಆಯಿತು ಎಂದು ನದಾಫ ಸರ್ ಸುದ್ದಿ ತಂದರು. ಹೊರಡುವುದು ಅಮಾವಾಸ್ಯೆ ಕಳೆದ ಮೇಲೆ. ಇನ್ನು ಹನ್ನೆರಡು ದಿನವಿತ್ತು.

ಬಾಳಪ್ಪನಿಗೆ ಬುದ್ಧಿ ಹೇಳಿ ಬರೋಣವೆಂದು ಶಿವಲೀಲಾ ಹೊರಟಳು. ಊರಿಗೆ ಬಂದು ಒಂದೂವರೆ ವರ್ಷವಾಗಿದ್ದರೂ ಅವಳು ನೇಕಾರರ ಓಣಿಯೊಳಗೆ ಕಾಲಿಟ್ಟಿರಲಿಲ್ಲ.

*

ಓಣಿಯ ಬಾಯಿಗೆ ಬಂದೊಡನೆ ಸದ್ದು ಎದೆಗೆ ಬಡಿಯಿತು. ಮನೆಮನೆಯಲ್ಲೂ ನಾಲ್ಕು, ಆರು ವಿದ್ಯುತ್ ಮಗ್ಗ. ಬಾಳಪ್ಪನ ಪಡಸಾಲೆಯಲ್ಲಿ ನಾಲ್ಕು ಓಡುತ್ತಿದ್ದವು. ಲಾಳಿಗಳು ಅತ್ತ ಇತ್ತ ಹಾರಿ ಬಡಿಯುವ ಅಬ್ಬರದಲ್ಲಿ ಶಿವಲೀಲಾಗೆ ತನ್ನ ದನಿಯೇ ಕೇಳಲಿಲ್ಲ. ಹೊಸ್ತಿಲಲ್ಲಿ ನಿಂತು ಅವಳು ಒಳಗೆ ನೋಡಿದಳು.

ಸಾವಂತ್ರಿಯ ತಾಯಿ ಶಾಂತವ್ವ ಒಂದು ಮಗ್ಗದ ಬಳಿ ನಿಂತಿದ್ದಳು. ಆ ಕೊನೆಯ ಮಗ್ಗದ ಹತ್ತಿರ ನೆರೆಮನೆಯ ಹೆಂಗಸು. ನಡುವೆ ಇಪ್ಪತ್ತು ಅಡಿ ದೂರ, ನಾಲ್ಕು ಮಗ್ಗದ ಗದ್ದಲ. ಇಬ್ಬರೂ ಹರಟುತ್ತಿದ್ದರು. ದನಿ ಇಲ್ಲ. ತುಟಿಗಳನ್ನು ಅಗಲಿಸಿ, ಗಲ್ಲವನ್ನು ಇಳಿಸಿ, ಒಂದೊಂದೇ ಶಬ್ದವನ್ನು ಮುಖದಿಂದಲೇ ಮಾಡಿ ತೋರಿಸುತ್ತಿದ್ದರು. ಆಕೆ ಏನೋ ಅಂದಳು, ಶಾಂತವ್ವ ಬಿದ್ದು ಬಿದ್ದು ನಕ್ಕಳು. ಮೂಲೆಯಲ್ಲಿ ಸಾವಂತ್ರಿ ಗೋಡೆಗೆ ಮುಖ ಮಾಡಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಶಾಂತವ್ವ ಮಗಳನ್ನು ಕರೆಯಲಿಲ್ಲ. ಬಲಗಾಲಿನಿಂದ ನೆಲವನ್ನು ಎರಡು ಸಲ ತಟ್ಟಿದಳು. ನೆಲದ ನಡುಕ ತಿಳಿದು ಹುಡುಗಿ ತಿರುಗಿದಳು. ತಾಯಿ ತುಟಿಯಲ್ಲೇ ಏನೋ ಹೇಳಿದಳು, ಮಗಳು ತುಟಿಯಲ್ಲೇ ಉತ್ತರಿಸಿದಳು.

ಶಿವಲೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ಇನ್ನೂ ಎಲ್ಲ ತಿಳಿದಿರಲಿಲ್ಲ.

ಶಾಂತವ್ವ ಅವಳನ್ನು ಕಂಡು ಮಗ್ಗಗಳನ್ನೆಲ್ಲ ನಿಲ್ಲಿಸಿದಳು. ಬಾಳಪ್ಪ ಸಂತೆಗೆ ಹೋಗಿದ್ದ. ನೆರೆಯವಳು ಎದ್ದು ಹೋದಳು. ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟು, ಶಾಂತವ್ವ ಸೆರಗಿನ ತುದಿ ತಿರುವುತ್ತ ಕುಳಿತಳು. ಆಮೇಲೆ ಒಂದೊಂದಾಗಿ ಹೇಳಿದಳು. ಸಾವಂತ್ರಿಯ ಕಿವಿ ಮೂರು ವರ್ಷದಿಂದ ಕಡಿಮೆಯಾಗುತ್ತ ಬಂದಿತ್ತು. ತೊಟ್ಟಿಲೇ ಮಗ್ಗದ ಬಳಿ ಇದ್ದ ಕೂಸು. ಓಣಿಯಲ್ಲಿ ಎಲ್ಲರೂ ತುಟಿಮಾತಿನವರು, ಎಲ್ಲರ ಕಿವಿಯೂ ಅಷ್ಟಕ್ಕಷ್ಟೇ. ಹಾಗಾಗಿ ಮನೆಯಲ್ಲಿ ತಂದೆಗೂ ಗೊತ್ತಾಗಲಿಲ್ಲ. ತಾಯಿಗೆ ಗೊತ್ತಾಯಿತು. ಕಿವುಡಿ ಎಂದು ಹೆಸರಾದರೆ ಯಾರು ಮಾಡಿಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡಳು. ಶಾಲೆಯಲ್ಲಿ ಮಾಸ್ತರರು ಬೋರ್ಡಿನ ಕಡೆ ಮುಖ ಮಾಡಿ ಮಾತಾಡುತ್ತಾರೆ. ಈ ಕಡೆ ತಿರುಗಿದರೂ ಮೀಸೆಯಲ್ಲಿ ತುಟಿ ಕಾಣುವುದಿಲ್ಲ. ಅದಕ್ಕೆ ಮಲಕಾಜಿ, ಅವರು ಹೇಳಿದ ಒಂದೊಂದು ಮಾತನ್ನೂ ದಾರಿಯ ಆಚೆಯಿಂದ ತುಟಿಯಲ್ಲಿ ಹೇಳಿ ತೋರಿಸುತ್ತಿದ್ದ. ಎರಡು ವರ್ಷ ಹೀಗೆಯೇ ನಡೆದಿತ್ತು. ಯಾರಿಗೂ ಹೇಳಬೇಡವೆಂದು ಸಾವಂತ್ರಿ ಅವನಿಂದ ಆಣೆ ಮಾಡಿಸಿಕೊಂಡಿದ್ದಳು. ಬಾರುಕೋಲಿನ ಏಟು ತಿಂದಾಗಲೂ ಹುಡುಗ ಬಾಯಿ ಬಿಡಲಿಲ್ಲ.

"ನೀವು ಆವತ್ತ ಗ್ವಾಡಿ ಮ್ಯಾಲ ತೋರಿಸಿದ್ರೆಲ್ಲಾ ಅಕ್ಕಾರ, ಆ ಉದ್ದನ್ನ ಗೆರಿ," ಎಂದಳು ಶಾಂತವ್ವ, "ಅದು ಪಾಠ ಆಗಿತ್ರೀ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶಿವಲೀಲಾಗೆ ಸುಲಭವಾಗುತ್ತಿತ್ತು.

ಸಾವಂತ್ರಿ ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಶಿವಲೀಲಾ ಅವಳ ಕಡೆ ನೇರ ತಿರುಗಿ, ನಿಧಾನವಾಗಿ, ಮರೆ ಬಂದ ಮೇಲೆ ಏನಾಯಿತೆಂದು ಕೇಳಿದಳು. ಹುಡುಗಿ ದನಿ ತೆಗೆದು ಉತ್ತರಿಸಿದಳು. ಆ ದನಿ ಸ್ವಲ್ಪ ಹೆಚ್ಚು ಜೋರಾಗಿತ್ತು. ಅವಳು ಮೊದಲಿನಿಂದಲೂ ಹೀಗೆಯೇ ಮಾತಾಡುತ್ತಿದ್ದಳು, ನೇಕಾರರೆಲ್ಲ ಹೀಗೆಯೇ ಎಂದುಕೊಂಡಿದ್ದು ಶಿವಲೀಲಾಗೆ ನೆನಪಾಯಿತು.

"ಆ ಕಡೆ ನೋಡಿದ್ರ ನಾನ ಕಾಣ್ತಿದ್ನಿ ಅಕ್ಕಾರ. ನನ್ನ ಬಾಯಿ ಸುಮ್ನ ಇರ್ತಿತ್ತು."

*

ಅಕ್ಕಿ ಕೋಣೆಗೆ ಬಂದು ಶಿವಲೀಲಾ ಹಳೆಯ ದೃಶ್ಯಗಳನ್ನು ತೆಗೆದಳು. ಎಲ್ಲವೂ ಇದ್ದವು. ಮೊದಲ ದಿನದಿಂದಲೂ ಅವಳ ಕೈಯಲ್ಲೇ ಇದ್ದವು. ಮುಖದಿಂದ ಮುಖಕ್ಕೆ ಎಂದು ಯಂತ್ರಕ್ಕೆ ಕಲಿಸಿದ್ದಳು. ಮುಖದಲ್ಲಿ ಎಲ್ಲಿಗೆ ಎಂದು ಕಲಿಸಿರಲಿಲ್ಲ. ಈಗ ಸಾವಂತ್ರಿಯ ಕಣ್ಣಿನ ಗುರಿಯನ್ನು ಹಿಗ್ಗಿಸಿ ಅಳೆದಳು. ಒಂದು ತಾಸಿನ ನೂರಾ ಅರವತ್ತು ನೋಟಗಳಲ್ಲಿ ನೂರಾ ಐವತ್ತೊಂಬತ್ತು ಹುಡುಗನ ಬಾಯಿಯ ಮೇಲಿದ್ದವು. ಕಣ್ಣಿಗೂ ಬಾಯಿಗೂ ನಾಲ್ಕು ಬೆರಳಿನ ಅಂತರ. ಉಳಿದ ಒಂದು ನೋಟ ಯಾವುದೆಂದು ಹುಡುಕಿದಳು. ನದಾಫ ಸರ್ ಸೀಮೆಸುಣ್ಣ ಬೀಳಿಸಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದರು.

ನದಾಫ ಸರ್ ಅವಳ ಹಿಂದೆ ನಿಂತು ನೋಡುತ್ತಿದ್ದರು. ಮಾಸ್ತರರ ದನಿ ಬರುತ್ತಿತ್ತು, ಆರು ಸೆಕೆಂಡು ಕಳೆದು ಹುಡುಗನ ತುಟಿ ಆಡುತ್ತಿತ್ತು. ಮತ್ತೆ ದನಿ, ಮತ್ತೆ ತುಟಿ. ಅವರು ಮೇಜಿನ ಅಂಚಿಗೆ ಒರಗಿ ಕುಳಿತುಬಿಟ್ಟರು. "ಹದಿನೆಂಟ ವರ್ಷ ನಾ ಬೋರ್ಡಿಗೆ ಪಾಠ ಮಾಡೀನ್ರಿ ಮೇಡಮ್ಮ," ಎಂದರು. "ಮಕ್ಕಳಿಗೆ ಅಂವ ಮಾಡ್ಯಾನ."

ಮಾರನೆಯ ದಿನ ಅವಳು ತಾಲೂಕಿಗೆ ಹೋಗಿ ಮಲಕಾಜಿಯನ್ನು ಕಂಡಳು. ಚಾಲಕನಿಲ್ಲದ ಹೊಸ ಬಸ್ಸು ಹಾಸ್ಟೆಲಿನ ಬಾಗಿಲಲ್ಲೇ ಇಳಿಸಿತು. ಹುಡುಗ ಸೊರಗಿದ್ದ. ಅವಳಿಗೆ ಎಲ್ಲ ಗೊತ್ತಾಗಿದೆಯೆಂದು ತಿಳಿದ ಮೇಲೆಯೇ ಬಾಯಿ ಬಿಟ್ಟ. ಇಲ್ಲಿ ಓದು ಹೇಗಿದೆ ಎಂದರೆ, ಎರಡು ಪರೀಕ್ಷೆಯಲ್ಲೂ ಫೇಲಾಗಿದ್ದೇನೆ ಎಂದ. ಏಕೆಂದು ಕೇಳಿದಳು.

"ಅಲ್ಲೆ ಆಕಿಗೆ ಹೇಳ್ಬೇಕಂತ ಕಿವಿಗೊಟ್ಟ ಕೇಳ್ತಿದ್ನಿರಿ. ಇಲ್ಲೆ ಯಾರಿಗೆ ಹೇಳ್ಲಿ?"

ಮರಳಿ ಬರುವಾಗ ಬಸ್ಸಿನ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಅವಳು ಕುಳಿತಿದ್ದಳು. ಮಾರನೆಯ ಬೆಳಗ್ಗೆ ಪೂಜೆಗೆ ಕುಳಿತಾಗ ದೃಷ್ಟಿ ಅಂಗೈ ಮೇಲೆ ನಿಲ್ಲಲಿಲ್ಲ. ನೋಡುವುದೇ ಧ್ಯಾನವೆಂದು ಏಳು ವರ್ಷದವಳಿದ್ದಾಗಿನಿಂದ ಕಲಿತಿದ್ದಳು. ಇನ್ನೊಬ್ಬರ ಮಕ್ಕಳು ಅಷ್ಟೇ ಏಕಾಗ್ರತೆಯಿಂದ ನೋಡಿದ್ದನ್ನು ಚೇಷ್ಟೆಯೆಂದು ಎಣಿಸಿ ಊರ ಮುಂದೆ ಇಟ್ಟಿದ್ದಳು. ತಪ್ಪಾಯಿತು ತಂದೆ, ತಪ್ಪಾಯಿತು ಎಂದು ಅವಳು ಮೆಲ್ಲಗೆ ಅನ್ನುತ್ತಿದ್ದುದು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವಳ ತಾಯಿಗೆ ಕೇಳಿಸಿತು. ಏನಾಯಿತೆಂದು ಆಕೆ ಕೇಳಿದಳು. ಶಿವಲೀಲಾ ಎಲ್ಲ ಹೇಳಿದಳು. ಕೊನೆಗೆ, ಇನ್ನೂ ನಾಲ್ಕು ನೂರು ಶಾಲೆಗಳಿಗೆ ಮರೆ ಹಾಕಬೇಕೆಂಬ ವರದಿಯನ್ನು ಸೋಮವಾರ ಕಳಿಸಬೇಕಿದೆ, ಅದರಲ್ಲಿ ಒಂದು ಟಿಪ್ಪಣಿ ಸೇರಿಸುತ್ತೇನೆ, ಉಳಿದದ್ದನ್ನು ದೇವರ ಮುಂದೆ ಒಪ್ಪಿಕೊಂಡಿದ್ದೇನೆ ಎಂದಳು.

ತಾಯಿ ಹಿಟ್ಟಿನ ಕೈ ತೊಳೆದು ಬಂದು ಎದುರು ಕುಳಿತಳು.

"ಮಂದ್ಯಾಗ ಮಾಡಿದ ತಪ್ಪು, ದೇವರ ಜಗಲಿ ಮುಂದ ಹೇಳಿದ್ರ ಮುಗೀತೇನ ಮಗಳ?"

*

ಊರ ಮುಂದೆ ಹೇಳಬೇಕೆಂದರೆ ಸಾವಂತ್ರಿಯ ಕಿವಿಯ ವಿಷಯವೂ ಹೇಳಬೇಕಾಗುತ್ತಿತ್ತು. ಅದು ಶಿವಲೀಲಾಳ ಗುಟ್ಟಲ್ಲ. ಮತ್ತೆ ಓಣಿಗೆ ಹೋಗಿ ಕೇಳಿದಳು. ಶಾಂತವ್ವ ಬೇಡವೆಂದು ಕೈ ಮುಗಿದಳು. ಸಾವಂತ್ರಿ ತಾಯಿಯ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ತುಟಿಯಲ್ಲಿ ಏನೋ ಹೇಳಿದಳು. ಶಾಂತವ್ವ ಅಳುತ್ತ ಅದನ್ನು ಶಿವಲೀಲಾಗೆ ತಿಳಿಸಿದಳು. ನಡತೆಗೆಟ್ಟವಳು ಅನ್ನಿಸಿಕೊಂಡು ಮದುವೆಯಾಗುವುದಕ್ಕಿಂತ ಕಿವುಡಿ ಅನ್ನಿಸಿಕೊಂಡು ಶಾಲೆಗೆ ಹೋಗುತ್ತೇನೆ ಅಂತಾಳೆ ಎಂದಳು.

ಭಾನುವಾರ ಸಭೆ ಸೇರಿತು. ಮೊದಲಿನಷ್ಟೇ ಜನ. ಬಾಳಪ್ಪ ಗೋಡೆಗೆ ಒರಗಿ ಹಿಂದೆ ನಿಂತಿದ್ದ. ಮುಂದಿನ ಸಾಲಿನಲ್ಲಿ ಶಾಂತವ್ವ, ಅವಳ ಪಕ್ಕದಲ್ಲಿ ಸಾವಂತ್ರಿ. ಹುಡುಗಿಯನ್ನು ಕರೆತಂದದ್ದಕ್ಕೆ ಕೆಲವರು ಗುಸುಗುಟ್ಟಿದರು. ನದಾಫ ಸರ್ ಮೀಸೆ ಬೋಳಿಸಿಕೊಂಡು ಬಂದಿದ್ದರು. ಅವರ ಗುರುತು ಹತ್ತಲು ಊರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೆಂಡ್ತಿ ಮನಿಯೊಳಗ ಬಿಟ್ಕೊಂಡ್ಲೇನ್ರಿ ಎಂದು ಯಾರೋ ಕೆಣಕಿದರು. ಅವರು ನಗಲಿಲ್ಲ.

ಶಿವಲೀಲಾ ನಿಂತಳು. ಅಂದು ನಾನು ಈ ಗೋಡೆಯ ಮೇಲೆ ಒಂದು ಗೆರೆ ತೋರಿಸಿದೆ, ಅದು ಸುಳ್ಳಾಗಿತ್ತು ಎಂದಳು. ಯಂತ್ರ ಸುಳ್ಳು ಹೇಳಲಿಲ್ಲ, ಅದನ್ನು ಓದಿದವಳು ನಾನು ಎಂದಳು. ಹೆಚ್ಚು ವಿವರಿಸದೆ, ಅದೇ ಗೋಡೆಯ ಮೇಲೆ, ಆ ದಿನಗಳ ದೃಶ್ಯವನ್ನು ಮೂಡಿಸಿದಳು. ಮಲಕಾಜಿಯ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ದನಿ ಇರಲಿಲ್ಲ. ತುಟಿಗಳು ಆಡುತ್ತಿದ್ದವು.

ಆಮೇಲೆ ನಡುವಿನಿಂದ ಒಬ್ಬ ಮುದುಕ ನೇಕಾರ, ಕಣ್ಣು ಕಿರಿದು ಮಾಡಿ, ತನಗೆ ತಾನೇ ಅಂದುಕೊಳ್ಳುವಂತೆ, "ತ್ರಿಕೋನದ ಮೂರೂ ಕೋನ ಕೂಡಿಸಿದ್ರ..." ಎಂದ. ಪಕ್ಕದ ಹೆಂಗಸು, "ನೂರಾ ಎಂಬತ್ತು," ಎಂದಳು. ಇನ್ನೊಂದು ಮೂಲೆಯಿಂದ ಮತ್ತೊಂದು ದನಿ ಮುಂದಿನ ಸಾಲು ಹೇಳಿತು. ಒಬ್ಬರಾದ ಮೇಲೊಬ್ಬರು, ಎಂದೂ ಶಾಲೆಯ ಮೆಟ್ಟಿಲು ಹತ್ತದವರೂ, ಹುಡುಗನ ತುಟಿಯಿಂದ ಗಣಿತವನ್ನು ಓದತೊಡಗಿದರು. ಊರಿಗೆ ಊರೇ ಓದಬಲ್ಲ ಭಾಷೆ ಅದು. ಅವರಿಗೆ ಆ ಮುಖವನ್ನು ತೋರಿಸಬೇಕೆಂದು ಒಂದೂವರೆ ವರ್ಷದಲ್ಲಿ ಅವಳಿಗೆ ಹೊಳೆದಿರಲಿಲ್ಲ. ಗೆರೆಯನ್ನು ಮಾತ್ರ ತೋರಿಸಿದ್ದಳು.

ಓದುವ ದನಿಗಳು ಒಂದೊಂದಾಗಿ ನಿಂತವು. ಆಗ ಹಿಂದಿನಿಂದ ಬಾಳಪ್ಪ, ಬಹಳ ಜೋರಾಗಿ ಅಲ್ಲ, "ಸಾವಂತ್ರಿ," ಎಂದು ಕರೆದ.

ಇಡೀ ಸಭೆ ಅವನ ಕಡೆ ತಿರುಗಿತು. ಸಾವಂತ್ರಿ ತಿರುಗಲಿಲ್ಲ. ಅವಳು ಗೋಡೆಯ ಮೇಲಿನ ಮಲಕಾಜಿಯ ಮುಖ ನೋಡುತ್ತಿದ್ದಳು.

"ಸಾವಂತ್ರಿ," ಎಂದ ಮತ್ತೊಮ್ಮೆ. ಮಗ್ಗದ ಸದ್ದು ಇರಲಿಲ್ಲ. ಗಾಳಿ ಕೂಡ ಇರಲಿಲ್ಲ.

ಅವನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕುಳಿತ. ತುಟಿಯಲ್ಲಿ ಏನೋ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಏನು ಕೇಳಿದನೆಂದು ಊರವರಿಗೆಲ್ಲ ತಿಳಿಯಿತು. ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ.

ನಾಳೆಯಿಂದ ಮರೆ ಇರುವುದಿಲ್ಲ ಎಂದು ಶಿವಲೀಲಾ ಹೇಳಿದಾಗ ಮಾತ್ರ ಸಭೆಯಲ್ಲಿ ಗದ್ದಲ ಎದ್ದಿತು. ತಿರುಗಿ ಬಂದ ಹನ್ನೊಂದು ಹುಡುಗಿಯರಲ್ಲಿ ಒಬ್ಬಳ ತಾಯಿ ಮುಂದೆ ಬಂದು, ಒಬ್ಬಾಕಿ ಸಲುವಾಗಿ ಹನ್ನೊಂದು ಮಂದೀನ ಮನಿಗೆ ಕಳಸ್ತೀರೇನ್ರಿ ಅಕ್ಕಾರ ಎಂದು ಕೇಳಿದಳು. ನಮ್ಮ ಮಗಳು ಈಗ ಎದ್ದು ನಿಂತು ಮಾತಾಡುತ್ತಾಳೆ, ಮೊದಲು ಆಡುತ್ತಿರಲಿಲ್ಲ ಎಂದಳು. ಆ ತಾಯಿ ಹೇಳಿದ್ದು ನಿಜ. ಶಿವಲೀಲಾ ನಿಜವಲ್ಲ ಅನ್ನಲಿಲ್ಲ. ಆ ಕೋಣೆಯಲ್ಲಿ ಇನ್ನೂ ಯಾವ ಮಕ್ಕಳು ಯಾರ ಮುಖದಿಂದ ಏನು ಕಲಿಯುತ್ತಿದ್ದರೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕಡಿಯಲಾರೆ ಎಂದಳು. ಆಕೆಗೆ ಅದು ಉತ್ತರವೆನಿಸಲಿಲ್ಲ. ಸಭೆ ಅರ್ಧ ಮುನಿದು, ಅರ್ಧ ಮೌನವಾಗಿ ಮನೆಗೆ ಹೋಯಿತು.

*

ಸೋಮವಾರ ವರದಿ ಹೋಯಿತು. ಯಂತ್ರ ಎಣಿಸಿದ್ದು ಸರಿ, ಎಣಿಸಬಾರದ್ದನ್ನು ಎಣಿಸಲು ಹೇಳಿದವಳು ನಾನು ಎಂದು ಮೊದಲ ಪುಟದಲ್ಲೇ ಬರೆದು, ಅದರ ಕೆಳಗೆ ಹೆಸರು ಹಾಕಿದ್ದಳು.

ಗುರುವಾರ ಸಾವಂತ್ರಿ ಮೊದಲ ಬೆಂಚಿನಲ್ಲಿ ಬಂದು ಕುಳಿತಳು. ತಾಲೂಕಿನ ಡಾಕ್ಟರು ಕೊಟ್ಟ ಕಿವಿಯ ಯಂತ್ರ ಹಾಕಿಕೊಂಡಿದ್ದಳು. ಅದರಿಂದ ಸದ್ದು ಬರುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯಲು ಇನ್ನೂ ಕಾಲ ಬೇಕು ಎಂದಿದ್ದರು. ನದಾಫ ಸರ್ ಬೋಳು ಮುಖದಲ್ಲಿ ಮಕ್ಕಳ ಕಡೆ ತಿರುಗಿಯೇ ಪಾಠ ಮಾಡಿದರು. ಬರೆಯಲು ಬೋರ್ಡಿನ ಕಡೆ ತಿರುಗಿದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಹಳೆಯ ಅಭ್ಯಾಸದಿಂದ ಎರಡು ಸಲ ಮರೆತರು. ಮಲಕಾಜಿ ಬರಲಿಲ್ಲ. ಅವನ ತಂದೆ ಶಿವಲೀಲಾಳ ಮಾತನ್ನೆಲ್ಲ ಕೇಳಿ, ಒಮ್ಮೆ ಊರ ಬಾಯಿಗೆ ಬಿದ್ದ ಮಗನನ್ನು ಅದೇ ಬೆಂಚಿಗೆ ಕೂಡಿಸಲಾರೆ ಎಂದಿದ್ದ. ತರಗತಿ ಮುಗಿದ ಮೇಲೆ ಸಾವಂತ್ರಿ ಅಕ್ಕಿ ಕೋಣೆಯ ಬಾಗಿಲಿಗೆ ಬಂದು, ಅವನು ಎಂದು ಬರುತ್ತಾನೆ ಎಂದು ಕೇಳಿದಳು. ಶಿವಲೀಲಾ ತುಟಿ ಬಿಡಿಸಿ, ಗೊತ್ತಿಲ್ಲ ಎಂದಳು. ಹುಡುಗಿ ಅದನ್ನು ಓದಿಕೊಂಡು ಹೋದಳು.

ಹನ್ನೊಂದು ಹುಡುಗಿಯರಲ್ಲಿ ಏಳು ಮಂದಿ ಬಂದಿದ್ದರು. ನಾಲ್ಕು ಜನ ಬರಲಿಲ್ಲ.

ಆ ಸಂಜೆ ಶಿವಲೀಲಾ ಆ ನಾಲ್ಕು ಮನೆಗಳಲ್ಲಿ ಮೊದಲ ಬಾಗಿಲಿಗೆ ಹೋದಳು. ಅದು ಗಾಣಿಗರ ಚೆನ್ನಬಸಪ್ಪನ ಮನೆ. ಅವನು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ಬರ್ರಿ ಎಂದನೇ ಹೊರತು ಏಳಲಿಲ್ಲ. ಅವಳು ಮಗಳನ್ನು ಶಾಲೆಗೆ ಕಳಿಸಲು ಕೇಳಿಕೊಂಡಳು. ಮಕ್ಕಳು ಒಬ್ಬರನ್ನೊಬ್ಬರು ನೋಡಿದರೆ ಕೆಡುವುದಿಲ್ಲ ಎಂದಳು.

"ಮೊದಲ ನಾವು ಅಷ್ಟೇನೂ ತಿಳಕೊಂಡಿದ್ದಿಲ್ರಿ," ಎಂದ ಚೆನ್ನಬಸಪ್ಪ, ಕಾಯಿ ಸುಲಿಯುತ್ತಲೇ. "ಮಕ್ಕಳು ತಾಸಿಗೆ ಇಷ್ಟು ಸಲ ನೋಡ್ತಾರಂತ ಲೆಕ್ಕಾ ಮಾಡಿ ತೋರಿಸಿದಾಕಿ ನೀವ. ಈಗ ತಪ್ಪಲ್ಲಂತ ಹೇಳಾಕ ಬಂದಾಕಿನೂ ನೀವ. ಯಾವ ಮಾತು ನಂಬೂಣು?"

ಅವಳು ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. "ಆವತ್ತು ನಾ ಹೇಳಿದ್ದು ತಪ್ಪು, ಯಜಮಾನ್ರ," ಎಂದಳು.

"ಅದನ್ನ ನಂಗ ಹೇಳಿ ಏನ ಬಂತು?" ಅವನು ಒಳಗೆ ಮುಖ ಮಾಡಿ ಮಗಳನ್ನು ಕೂಗಿದ.

ಹದಿನಾಲ್ಕರ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ತಲೆ ಬಗ್ಗಿಸಿದ್ದಳು. ಮರೆಯ ಒಳಗೆ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದವಳು ಇವಳೇ. ಶಿವಲೀಲಾ ಎದ್ದಳು. ಆ ಮಗುವಿಗೆ ತನ್ನ ಬಾಯಿ ಚೆನ್ನಾಗಿ ಕಾಣುವಂತೆ ನಿಂತು, ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ ಹೇಳಿದಳು. ನೀನು ಯಾರನ್ನಾದರೂ ನೋಡಿದ್ದರೆ ಅದು ನಿನ್ನ ತಪ್ಪಲ್ಲ, ಅದನ್ನು ಎಣಿಸಿದ್ದು ನನ್ನ ತಪ್ಪು ಎಂದಳು.

ಹುಡುಗಿ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಅಪ್ಪ ಶೇಂಗಾದ ಸಿಪ್ಪೆಯನ್ನು ಪಕ್ಕಕ್ಕೆ ಗುಡಿಸಿ ಶಿವಲೀಲಾಗೆ ಕೂರಲು ಜಾಗ ಮಾಡಿದ.

ಇನ್ನೂ ಮೂರು ಬಾಗಿಲು ಉಳಿದಿದ್ದವು.